ರಾಕೆಟ್ ಹಾಡಿಗೆ ಬಿದ್ದ ಅಕ್ಕಿಕಾಳು

ಮೊನ್ನೆ ನೀವು ಮೊಮ್ಮಕ್ಕಳು ಮೊಬೈಲಿನಲ್ಲಿ ರಾಕೆಟ್ ಹಾರುವುದನ್ನು ತೋರಿಸಿದಿರಿ. ಅಂಕಿಗಳನ್ನು ಹಿಂದಿನಿಂದ ಎಣಿಸತೊಡಗಿದಾಗ ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಕೇಳಿದಿರಿ. ಎದುರಿಗೆ ಹೇಳಲು ನಾಚಿಕೆ, ಬರೆದು ಕೊಡುತ್ತೇನೆ.

ನಿಮ್ಮ ಅಜ್ಜ ಮದುವೆಗಳಿಗೆ ಲೌಡ್‌ಸ್ಪೀಕರ್ ಹಚ್ಚುತ್ತಿದ್ದರು. ನಾನು ಸೊಸೆಯಾಗಿ ಈ ಮನೆಗೆ ಬಂದ ವರ್ಷ ಮಿರಜದ ಹಳೇ ಬಜಾರಿನಿಂದ ಒಂದು ಕಟ್ಟು ರೆಕಾರ್ಡು ತಂದರು. ಅದರಲ್ಲೊಂದು ಇಂಗ್ಲಿಷ್ ಹಾಡಿನದು. ಮೊದಲು ಒಬ್ಬ ಗಂಡಸು ಹತ್ತರಿಂದ ಒಂದರವರೆಗೆ ಎಣಿಸುತ್ತಾನೆ, ಆಮೇಲೆ ಗುಡುಗಿನಂಥ ಸದ್ದು, ಡ್ರಮ್ಮು, ನಂತರ ಒಬ್ಬ ಹುಡುಗಿ ಹಾಡುತ್ತಾಳೆ. ಚಂದ್ರನ ಮೇಲೆ ಹೋಗುವ ಹಾಡು ಎಂದು ನಿಮ್ಮ ಅಜ್ಜ ಹೇಳಿದರು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೂ ರೊಟ್ಟಿ ಬಡಿಯುವಾಗ ಆ ದನಿ ಕಿವಿಯಲ್ಲೇ ಇರುತ್ತಿತ್ತು.

ಆ ರೆಕಾರ್ಡಿನ ಲಕೋಟೆಯ ಮೇಲೆ ರಾಕೆಟ್ಟಿಗೆ ಒರಗಿ ನಿಂತ ಹುಡುಗಿ. ಬೆಳ್ಳಿ ಬಣ್ಣದ ಗಿಡ್ಡ ಅಂಗಿ, ಬರಿಗಾಲು. ಅತ್ತೆ ನೋಡಿದ್ದೇ, “ಇದನ್ನ ಒಲಿಗಿ ಹಾಕವಾ,” ಎಂದರು. ನಾನು ಲಕೋಟೆ, ರೆಕಾರ್ಡು ಎರಡನ್ನೂ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಅಡಗಿಸಿಟ್ಟು, “ಸುಟ್ಟೇನ್ರಿ” ಎಂದೆ. ಅತ್ತೆಗೆ ಹೇಳಿದ ಮೊದಲ ಸುಳ್ಳು. ಅವರು ಟ್ರಂಕಿನ ಹತ್ತಿರ ಸುಳಿದರೆ ಸಾಕು, ಏನಾದರೂ ನೆವ ತೆಗೆದು ಅದರ ಮೇಲೆ ಕುಳಿತುಬಿಡುತ್ತಿದ್ದೆ.

ಅದೇ ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲೇ ನಾದಿನಿಯ ಮದುವೆ. ಗಡಿಬಿಡಿಯಲ್ಲಿ ರೆಕಾರ್ಡಿನ ಪೆಟ್ಟಿಗೆ ಬಿಸಿಲಲ್ಲಿ ಉಳಿದು, ಒಳಗಿನವೆಲ್ಲ ಹಪ್ಪಳದಂತೆ ಡೊಂಕಾದವು. ಕುಣಿಕೋಣೂರಿನ ಬೀಗರು ಬಿಡುತ್ತಾರೆಯೇ?

“ಏನ್ರಿ ಬೀಗರ, ಊರ ಮಂದಿಗೆಲ್ಲ ಹಾಡು ಕೇಳಸ್ತೀರಿ. ನಮ್ಮ ಪಾಲಿಗೆ ಮೈಕ್ ಮೂಕಾತೇನ್ರಿ?”

ಅತ್ತೆಯ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ಟ್ರಂಕು ತೆಗೆದು, ರೆಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ನಿಮ್ಮ ಅಜ್ಜನ ಕೈಗೆ ಕೊಟ್ಟೆ.

“ಇದನ್ನ ಸುಟ್ಟಿದ್ದಿ ಅಲ್ಲ?” ಎಂದರು.

“ಹಚ್ರಿ ಲಗೂನ,” ಎಂದವಳೇ ಒಳಗೋಡಿದೆ.

ಮಂತ್ರ ಮುಗಿದು ಸ್ಪೀಕರಿನಲ್ಲಿ ವಾದ್ಯ ಜೋರಾದೊಡನೆ ಅಕ್ಕಿಕಾಳು, ಅಂದರೆ ಬಣ್ಣ ಹಚ್ಚಿದ ಜೋಳ, ಹಾಕುವುದು ನಮ್ಮಲ್ಲಿ ರೂಢಿ. ಆಗಲೇ ಎಲ್ಲರ ಕೈಗೂ ಕಾಳು ಹಂಚಿಯಾಗಿತ್ತು. ಎಣಿಕೆ ಮುಗಿದು ರಾಕೆಟ್ ಗುಡುಗಿದ್ದೇ ತಡ, ಹಂದರದ ಮಂದಿಯೆಲ್ಲ ಒಮ್ಮೆಲೇ ಎಸೆದರು.

“ತಡೀರೋ! ಇನ್ನೂ ಹೊತ್ತಾಗಿಲ್ಲ!” ಮಂತ್ರ ಹೇಳುವ ಅಯ್ಯನವರು ಕೂಗಿದರು. ಅವರ ತಲೆಯ ಮೇಲೂ ಜೋಳ.

“ಅಯ್ಯನವರದೂ ಲಗ್ನ ಆತು ನೋಡ್ರಿ!” ಎಂದು ಬೀಗರೇ ಬಿದ್ದು ಬಿದ್ದು ನಕ್ಕರು.

ಮತ್ತೆ ಕಾಳಿಗೆ ಬಣ್ಣ ಹಚ್ಚಬೇಕಿತ್ತು. ಅತ್ತೆ ಜೋಳದ ಬುಟ್ಟಿ ಹಿಡಿದು ಒಳಗೆ ಬಂದರು. ನಾನು ತಲೆ ಎತ್ತಲಿಲ್ಲ.

“ಸುಟ್ಟಿದ್ದಿಲ್ಲ, ಹೌದಿಲ್ಲೋ?”

“ಇಲ್ರಿ ಅತ್ತಿ. ತಪ್ಪಾತ್ರಿ.”

ಬುಟ್ಟಿಯನ್ನು ನನ್ನ ಮುಂದಿಟ್ಟು ಅವರೂ ಅರಿಷಿಣ ಕಲಸುತ್ತ ಕುಳಿತರು. ಹೊರಗೆ ಆ ಹುಡುಗಿ ಹಾಡುತ್ತಲೇ ಇದ್ದಳು. ಒಂದು ಹಿಡಿ ಜೋಳಕ್ಕೆ ಬಣ್ಣ ಹಚ್ಚಿ, “ದನಿ ಭಾಳ ಚಲೋ ಐತಿ ಆಕಿದು,” ಎಂದರು. “ಕಾಲಿಗಷ್ಟ ಏನರ ಮುಚ್ಚಬೇಕು.”

ಮರುದಿನ ಅತ್ತೆ ಹಳೇ ಮರಾಠಿ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಗಂಜಿ ಹಚ್ಚಿ, ಲಕೋಟೆಯ ಮೇಲಿನ ಆ ಹುಡುಗಿಗೆ ಸೊಂಟದಿಂದ ಪಾದದವರೆಗೆ ಅಂಟಿಸಿದರು. ಹಾಳೆಯ ತುದಿ ಹಿಡಿದವಳು ನಾನು. ಅವರಿಗೆ ಅಷ್ಟು ಹತ್ತಿರ ನಾನು ಅದಕ್ಕೂ ಮೊದಲು ಕುಳಿತಿರಲಿಲ್ಲ.