ಬಸಿಲಿಯಾ ಮೇಡಂಗೂ ಒಂದು ಸರದಿ

ಬೆಳಗಿನ ಐದೂವರೆ. ಎತ್ತರದ ಪರ್ವತನಗರ ಎಲ್ ಆಲ್ಟೊದ ಚಳಿಗೆ ನಲ್ಲಿಯ ನೀರು ಹೆಪ್ಪುಗಟ್ಟಿದೆ. ತೊಮಾಸಾ ತನ್ನ ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ, ನೇರಳೆ ಮೆಕ್ಕೆಜೋಳದ ಬಿಸಿ ಪಾನೀಯ ಆಪಿಯನ್ನು ಕಲಕುತ್ತಿದ್ದಾಳೆ. ಒಳಗೆ ಬೆಂಚುಗಳ ಮೇಲೆ ಹನ್ನೊಂದು ಮಂದಿ ಸಮಾಜ ಕಾರ್ಯಕರ್ತರು. ಊರಿನ ಅಳಲು ಕೇಳುವುದೇ ಇವರ ಉದ್ಯೋಗ. ಸೋಮವಾರದ ಈ ಒಂದು ಗಂಟೆ ಮಾತ್ರ ತಮ್ಮದನ್ನು ಹೇಳಿಕೊಳ್ಳುತ್ತಾರೆ. ನಡುವೆ ಕುಳಿತಿರುವ ಸಣ್ಣ ಮೈಕಟ್ಟಿನ ಹೆಂಗಸು ಬಸಿಲಿಯಾ ಚೋಕೆ.

"ಅತ್ತಿದ್ದು ಸಾಕು, ಕುಡೀರಿ. ಆರಿದ ಆಪಿ ನಾಯಿನೂ ಮೂಸಲ್ಲ!" ತೊಮಾಸಾ ಗದರುತ್ತಾಳೆ. ಕಣ್ಣೊರೆಸಿಕೊಳ್ಳುತ್ತಿದ್ದವರೂ ನಗುತ್ತಾರೆ.

ಐವತ್ತೊಂದರ ಬಸಿಲಿಯಾ ಇಪ್ಪತ್ತೆರಡು ವರ್ಷಗಳಿಂದ ಮಕ್ಕಳ ರಕ್ಷಣಾ ಕಚೇರಿಯಲ್ಲಿದ್ದಾರೆ. ದಿನಕ್ಕೆ ಐದಾರು ಮನೆಗಳ ಭೇಟಿ. ಮೇಜಿನ ಮೇಲೆ ಎಪ್ಪತ್ತಕ್ಕೆ ಕಡಿಮೆಯಿಲ್ಲದ ಕಡತಗಳು. ಮೂರು ವರ್ಷದ ಹಿಂದೆ, ಅವರು ನೋಡಿ ಬಂದು 'ಅಪಾಯವಿಲ್ಲ' ಎಂದು ಬರೆದಿದ್ದ ಮನೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಹೊಡೆತಕ್ಕೆ ಸತ್ತಳು. ವಿಚಾರಣೆಯಲ್ಲಿ ಬಸಿಲಿಯಾರ ತಪ್ಪಿಲ್ಲವೆಂದಾಯಿತು. ಅವರ ಮನಸ್ಸು ಮಾತ್ರ ಆ ತೀರ್ಪನ್ನು ಒಪ್ಪಲಿಲ್ಲ.

"ಸಹಿ ಹಾಕೋಕೆ ಪೆನ್ನು ಹಿಡಿದ್ರೆ ಬೆರಳು ಮಡಚ್ತಾನೇ ಇರ್ಲಿಲ್ಲ. ಹಾಲು ಉಕ್ಕಿ ಒಲೆ ಆರಿದ್ರೂ ಮುಂದೆ ನಿಂತೇ ಇರ್ತಿದ್ದೆ" ಎನ್ನುತ್ತಾರೆ.

ಮೇಲಧಿಕಾರಿ ಒಂದು ವಾರ ರಜೆ ಕೊಟ್ಟರು. ಆ ಭಾಗಕ್ಕೆಲ್ಲ ಇದ್ದವರು ಒಬ್ಬರೇ ಮನಶ್ಶಾಸ್ತ್ರಜ್ಞೆ. ಕಾಯಬೇಕಾದದ್ದು ನಾಲ್ಕು ತಿಂಗಳು. ಸಾಲದ್ದಕ್ಕೆ, ಅಲ್ಲಿ ಕಾಯುವವರಲ್ಲಿ ಹೆಚ್ಚಿನವರು ಬಸಿಲಿಯಾರೇ ಕಳಿಸಿದ ತಾಯಂದಿರು. ಹೆಸರು ಬರೆಸಲು ಹೋದ ಬಸಿಲಿಯಾ ಮೂರು ಸಲ ಗೇಟಿನಿಂದಲೇ ವಾಪಸಾದರು. ನಾಲ್ಕನೆಯ ಸಲ ಶಾಲನ್ನು ಮುಖದವರೆಗೂ ಎಳೆದುಕೊಂಡು ಮೂಲೆಯಲ್ಲಿ ಕುಳಿತರು.

ಪಕ್ಕದಲ್ಲಿದ್ದವಳು ತೊಮಾಸಾ. ಅವಳು ಕುಡಿಯುತ್ತಿದ್ದ ದಿನಗಳಲ್ಲಿ ಅವಳ ಇಬ್ಬರು ಮಕ್ಕಳನ್ನು ಬಸಿಲಿಯಾರೇ ಬಂದು ಕರೆದೊಯ್ದಿದ್ದರು.

"ಶೂ ನೋಡೇ ಗೊತ್ತಾಯ್ತು ಮೇಡಂ. ಅದು ನಮ್ಮನೆ ಹೊಸ್ತಿಲು ದಾಟಿದ ದಿನ ಮರೆಯೋಕಾಗತ್ತಾ?" ಎಂದಳು ತೊಮಾಸಾ. ಬಸಿಲಿಯಾ ಏಳಲು ಹೋದರು. ಅವಳು ತೋಳು ಹಿಡಿದಳು. "ಈಗ ನನ್ನ ಸರದಿ. ನೀವು ಹೋಗಿ."

"ಬೇಡ ಕಣೇ. ನೀನು ಮತ್ತೆ ತಿಂಗಳುಗಟ್ಟಲೆ ಕಾಯ್ಬೇಕಾಗತ್ತೆ."

"ಮಕ್ಕಳನ್ನ ವಾಪಸ್ ಕೊಡೋಕೆ ಒಂದೂವರೆ ವರ್ಷ ಕಾಯಿಸಿದ್ರಲ್ಲ, ನಂಗೆ ಅಭ್ಯಾಸ ಆಗಿದೆ. ಏಳಿ, ಕರೀತಿದಾರೆ!"

ಇದನ್ನು ಹೇಳುವಾಗ ಬಸಿಲಿಯಾ ತೊಮಾಸಾಳತ್ತ ನೋಡುತ್ತಾರೆ. "ನನ್ನನ್ನ ಶಪಿಸೋಕೆ ಈ ಊರಲ್ಲಿ ಯಾರಿಗಾದ್ರೂ ಹಕ್ಕಿತ್ತು ಅಂದ್ರೆ ಅವಳಿಗೇ. ಅವಳು ಜಾಗ ಬಿಟ್ಟುಕೊಟ್ಟಳು."

ಎಂಟು ತಿಂಗಳ ಚಿಕಿತ್ಸೆಯ ನಂತರ ಅವರು ಕೆಲಸಕ್ಕೆ ಮರಳಿದರು. ಜೊತೆಯವರ ಮುಖಗಳಲ್ಲೂ ಅದೇ ಬಳಲಿಕೆ ಕಂಡಿತು. ಎಲ್ಲರೂ ಸೇರಲು ಜಾಗ ಕೊಡುವೆಯಾ ಎಂದು ತೊಮಾಸಾಳನ್ನು ಕೇಳಿದರು; ಅವಳು ಅಂಗಡಿಯ ಬೀಗದ ಕೈಯನ್ನೇ ಕೊಟ್ಟಳು. ಮೊದಲ ಸೋಮವಾರ ಬಂದವರು ಇಬ್ಬರು. ಇಲ್ಲಿ ಯಾರೂ ಯಾರಿಗೂ ಉಪದೇಶ ಮಾಡುವುದಿಲ್ಲ, ಕೇಳಿದ್ದು ಬಾಗಿಲು ದಾಟುವುದಿಲ್ಲ. ಚಿಕಿತ್ಸೆ ಬೇಕಾದವರ ಜೊತೆ ಆ ಕಾಯುವ ಬೆಂಚಿನವರೆಗೂ ಬಸಿಲಿಯಾ ತಾವೇ ಹೋಗುತ್ತಾರೆ. ಈಗ ಶಾಲು ಹೆಗಲ ಮೇಲಿರುತ್ತದೆ.

ಏನಾದರೂ ಆಸೆಯಿದೆಯೇ ಎಂದರೆ ಲೋಟ ಕೆಳಗಿಟ್ಟು ಹೇಳುತ್ತಾರೆ:

"ಹೊಸಬರು ಕೆಲಸಕ್ಕೆ ಸೇರಿದ ದಿನ ಮೇಜು, ಕಡತ ಎಲ್ಲಾ ಕೊಡ್ತಾರೆ. ಅದರ ಜೊತೆ ಒಬ್ಬ ಮನಸ್ಸಿನ ಡಾಕ್ಟರ ಹೆಸರು ಬರೆದಿರೋ ಚೀಟೀನೂ ಕೊಡಲಿ. ಅವರು ಕೇಳೋಕೆ ಮುಂಚೆನೇ ಕೊಡಲಿ. ಕೇಳ್ಬೇಕಾದ ಹೊತ್ತಲ್ಲಿ ನನಗೆ ಬಾಯೇ ಬರಲಿಲ್ಲ."