ಅರ್ಧ ಗಡ್ಡದ ಬಾಮೈದ

ನಮ್ಮ ಬೀದಿಯ ಕ್ಷೌರದಂಗಡಿಯವರನ್ನು ಎಲ್ಲರೂ ಕತ್ತರಿ ಮಾವ ಅಂತಲೇ ಕರೆಯುವುದು. ಎದುರಿಗೇ ನನ್ನ ಸೈಕಲ್ ರಿಪೇರಿ ಅಂಗಡಿ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಬ್ಲೇಡು ಇಡುವ ಮೊದಲು ಎರಡು ಬೆರಳನ್ನು ಗಿರಾಕಿಯ ದವಡೆಯ ಕೆಳಗೆ ಒತ್ತಿ ಚರ್ಮ ಎಳೆದು ಹಿಡಿಯುತ್ತಾರೆ. ಬೆರಳಿಗೆ ನಾಡಿ ಸಿಗುತ್ತದೆ. “ಹೆಂಡ್ತಿ ಹತ್ರ ಬೈಸ್ಕೊಂಡು ಬಂದ್ಯಾ?” ಅನ್ನುತ್ತಾರೆ. ಬಂದವನು ಬೆಪ್ಪಾಗುತ್ತಾನೆ.

ಅವತ್ತು ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದವನು ಅವರ ಬಾಮೈದ. ಅಂಗಡಿಗಳಿಗೆ ಬೋರ್ಡು ಬರೆಯುವವನು. ಬಲಗೆನ್ನೆ ನುಣ್ಣಗಾಗಿತ್ತು; ಆಗ ನಾಡಿ ಸ್ವಲ್ಪ ಜೋರಿತ್ತು, ಅಷ್ಟೆ. ಎಡಗಡೆ ಬೆರಳಿಟ್ಟ ಮಾವ ಹಾಗೇ ನಿಂತುಬಿಟ್ಟರು.

“ಏನೋ ಇದು? ಹುಚ್ಚು ಕುದುರೆ ಥರ ಓಡ್ತಿದೆ. ನಡುನಡುವೆ ಮುಗ್ಗರಿಸ್ತಿದೆ.”

“ಮೆಟ್ಲು ಹತ್ತಿ ಬಂದೆ ಭಾವ.”

“ನನ್ನಂಗಡೀಗೆ ಮೆಟ್ಲೆಲ್ಲಿದೆಯೋ?”

ಅವನ ಹಣೆಯಲ್ಲಿ ಬೆವರು, ಕೈ ಎದೆಯ ಮೇಲೆ. ಮಾವ ನನ್ನನ್ನು ಕೂಗಿದರು. ನೊರೆ ಹಚ್ಚಿದ ಮುಖದಲ್ಲೇ ಆಟೋ ಹತ್ತಿಸಿದೆವು.

ಆಸ್ಪತ್ರೆಯಲ್ಲಿ ಎದೆಗೆ ವಯರು ಅಂಟಿಸುವಾಗ ಅವನ ಅಂಗಿಯ ಹೊಗೆ ವಾಸನೆ ಹಿಡಿದು ಡಾಕ್ಟರಮ್ಮ ಕೇಳಿದರು: “ಏನು ಸೇದಿದ್ರಿ? ಗೊತ್ತಾಗದೆ ನಾನು ಔಷಧಿ ಹೇಗೆ ಕೊಡ್ಲಿ?”

“ಏನಿಲ್ಲ ಮೇಡಂ. ಬರೀ ಟೀ.”

ಒಬ್ಬರು ಶುರು ಮಾಡಿದ ಗಡ್ಡವನ್ನು ಊರಿನ ಇನ್ಯಾವ ಕ್ಷೌರದವರೂ ಮುಟ್ಟುವುದಿಲ್ಲ. ಅದು ಅವರ ಕಸುಬಿನ ಕಟ್ಟಳೆ. ಮಾವ ಕೈ ಕಟ್ಟಿ ನಿಂತರು.

“ನಿಜ ಹೇಳೋ ತನಕ ಉಳಿದರ್ಧ ಬೋಳಿಸಲ್ಲ. ಒಂದ್ಕಡೆ ಮದುಮಗ, ಒಂದ್ಕಡೆ ಕರಡಿ. ಹಾಗೇ ತಿರುಗು. ನಿಮ್ಮಕ್ಕನಿಗೂ ಫೋನ್ ಮಾಡ್ತೀನಿ.”

ಕರಡಿಗೆ ಹೆದರದವನು ಅಕ್ಕನಿಗೆ ಹೆದರಿದ.

“ಬೇಡ ಭಾವ, ಹೇಳ್ತೀನಿ. ಒಂದು ಪ್ಯಾಕೆಟ್ಟು ಒಣಗಿದ ಎಲೆ ತಂದು ಸೇದಿದೆ. ಗಾಂಜಾ ಅಲ್ಲ. ಮೇಲೆ ಗಿಡಮೂಲಿಕೆ ಅಂತ ಬರ್ದಿತ್ತು.”

“ಎಲೆ ಬರೀ ನೆಪ ಕಣ್ರೀ,” ಅಂದರು ಡಾಕ್ಟರಮ್ಮ. “ಅದರ ಮೇಲೆ ಕೆಮಿಕಲ್ ಸಿಂಪಡಿಸಿರ್ತಾರೆ. ಎಷ್ಟು ಅಂತ ಮಾರೋನಿಗೂ ಗೊತ್ತಿರಲ್ಲ. ಗಾಂಜಾಕ್ಕಿಂತ ಎಷ್ಟೋ ಜೋರಾಗಿ ಹಿಡಿಯುತ್ತೆ. ಹಾರ್ಟು ತಾಳ ತಪ್ಪುತ್ತೆ. ನಿಮ್ಮ ವಯಸ್ಸಿನವರಿಗೇ ಹಾರ್ಟ್ ಅಟ್ಯಾಕ್ ಆಗಿದ್ದಿದೆ.”

ಮಾವ ಹಣೆ ಚಚ್ಚಿಕೊಂಡರು. “ಬೋರ್ಡು ಬರೆಯೋನು ನೀನೇ ಬೋರ್ಡು ನಂಬಿ ಕೆಟ್ಟೆಯಲ್ಲೋ!”

ಎರಡು ದಿನ ವಯರು ಬಿಚ್ಚಲಿಲ್ಲ. ಆ ಎರಡು ದಿನವೂ ಮಾವ ಆಸ್ಪತ್ರೆ ಬಿಟ್ಟು ಬಂದು ಅಂಗಡಿ ತೆರೆಯಲಿಲ್ಲ.

ಮೂರನೇ ದಿನ ಅವನು ಆಸ್ಪತ್ರೆಯಿಂದ ನೇರ ಬಂದು ಕುರ್ಚಿಯಲ್ಲಿ ಕೂತ. ಮಾವ ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ಈಗ ಮನುಷ್ಯರ ಥರ ನಡೀತಿದೆ.”

ಅಷ್ಟರಲ್ಲಿ ಬಲಗೆನ್ನೆಯಲ್ಲೂ ಗಡ್ಡ ಮೂಡಿತ್ತು. ಮಾವ ಎರಡೂ ಕಡೆ ನೊರೆ ಹಚ್ಚಿದರು.

“ನಾಳೆಯಿಂದ ದಿನಾ ಬರ್ಬೇಕು.”

“ದಿನಾ ಎಲ್ಲಿ ಬೆಳೆಯುತ್ತೆ ಭಾವ?”

“ಬೆಳೀದಿದ್ರೂ ಬಾ.”