ಅಪ್ಪನಿಗೆಂದು ಬಿಟ್ಟ ಒಂದು ಆವರ್ತ

“ರಾಗ, ತಾಳ ಎಲ್ಲ ಲೈನ್ ಮನೆಯವರಿಗೆ ಹತ್ತೋದಲ್ಲಮ್ಮ. ನಾಳೆಯಿಂದ ಅವಳನ್ನ ಪಿಕಿಂಗಿಗೆ ಕಳಿಸು.”

ನಾನು ಪಿಯುಸಿ ಮುಗಿಸಿ, ಮೈಸೂರಿಗೆ ಹೋಗಿ ಸಂಗೀತದಲ್ಲಿ ಪದವಿ ಓದುತ್ತೇನೆ ಎಂದ ದಿನ ನಮ್ಮ ತೋಟದ ರೈಟರು ಅಮ್ಮನಿಗೆ ಹೇಳಿದ ಮಾತಿದು. ಹಾಜರಿ ಬರೆಯುವವರು ಅವರೇ. ಅವರಿಗೆ ಎದುರಾಡುವವರು ನಮ್ಮ ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಯಾರೂ ಇರಲಿಲ್ಲ. ಅಮ್ಮ ಮಾತ್ರ, “ಹತ್ತದಿದ್ರೆ ವಾಪಸ್ ಬರ್ತಾಳೆ ಬಿಡಿ ಸಾರ್, ಕಾಫಿ ಗಿಡ ಎಲ್ಲಿಗೂ ಓಡಿಹೋಗಲ್ಲ” ಎಂದಳು.

ಕೊಡಗಿನ ಮಾದಾಪುರದ ಕಡೆಯ ಒಂದು ಕಾಫಿ ತೋಟ ನಮ್ಮದು. ನಮ್ಮದು ಎಂದರೆ ನಾವು ಕೆಲಸ ಮಾಡುವ ತೋಟ. ಶಾಲೆಯಲ್ಲಿ ಟೀಚರೊಬ್ಬರು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟ ಪಾಠವೇ ನನ್ನ ಬಂಡವಾಳ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಗೇಟು ದಾಟಿದವರಲ್ಲ.

ಪದವಿಯ ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಸ್ವಂತ ರಚನೆಯನ್ನು ಪರೀಕ್ಷಕರ ಮುಂದೆ ಹಾಡಬೇಕು. ಅದರಲ್ಲಿ ಫೇಲಾದರೆ ಪದವಿ ಇಲ್ಲ. ಜೊತೆಯವರು ಗಣಪತಿಯ ಮೇಲೆ, ಚಾಮುಂಡಿಯ ಮೇಲೆ ಕೃತಿ ಮಾಡಿದರು. ನಾನು ಮಾತ್ರ ನಮ್ಮ ಲೈನಿನಲ್ಲಿ ಮಣ್ಣಿನಡಿ ಹೋದವರಿಗಾಗಿ ಮಾಡುತ್ತೇನೆಂದು ಹಟ ಹಿಡಿದೆ. ಕೊಡಗಿನಲ್ಲಿ ಗುಡ್ಡಗಳು ಜಾರಿದ ಆ ಮಳೆಗಾಲ ನಾನು ಹೈಸ್ಕೂಲಿನಲ್ಲಿದ್ದೆ. ನನ್ನ ಅಪ್ಪ ಹೋದದ್ದು ಆಗಲೇ.

ತೋಟದಲ್ಲಿ ನಮ್ಮದೊಂದು ಪದ್ಧತಿ ಇದೆ. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯದಲ್ಲಿ ಮಂಜು ಕವಿದರೆ ಗಿಡಗಳ ನಡುವೆ ಯಾರು ಎಲ್ಲಿದ್ದಾರೆಂದು ತಿಳಿಯುವುದಿಲ್ಲ. ಆನೆಯ ಭಯ ಬೇರೆ. ಆಗ ಒಬ್ಬರು ಗಟ್ಟಿಯಾಗಿ “ಕೂ…” ಎಂದು ಕೂಗುತ್ತಾರೆ, ಉಳಿದವರು ಇದ್ದಲ್ಲಿಂದಲೇ “ಓ…” ಎನ್ನಬೇಕು. ಓಗೊಡದೆ ಇರುವ ಹಾಗಿಲ್ಲ. ಒಂದು ಕಡೆಯಿಂದ ಉತ್ತರ ಬರಲಿಲ್ಲವೆಂದರೆ ಚೀಲ ಅಲ್ಲೇ ಬಿಟ್ಟು ಎಲ್ಲರೂ ಆ ಕಡೆ ಓಡುತ್ತಾರೆ. ನಮ್ಮ ಗುಂಪಿನಲ್ಲಿ ಕೂಗುತ್ತಿದ್ದವನು ಅಪ್ಪ. ಗುಡ್ಡ ಜಾರಿದ ಬೆಳಿಗ್ಗೆ ಆ ಮಣ್ಣಿನ ಎದುರು ನಿಂತು ಅಮ್ಮ ಕೂಗಿದಳು. ಉತ್ತರ ಬರಲಿಲ್ಲ.

ನನ್ನ ರಚನೆ ಅಷ್ಟೇ. ಸಾಹಿತ್ಯ ಇಲ್ಲ, ಬರೀ ಅಕಾರ ಮತ್ತು ಸ್ವರ. ಮೋಹನ ರಾಗ, ಆದಿತಾಳ. ನಡುನಡುವೆ ಷಡ್ಜದಿಂದ ಪಂಚಮಕ್ಕೆ ಏರುವ ಕೂಗು, ಪ್ರತಿ ಕೂಗಿನ ನಂತರ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಪೂರ್ತಿ ಖಾಲಿ. ಮೃದಂಗವೂ ನಿಲ್ಲಬೇಕು, ಕೈಯಲ್ಲಿ ತಾಳ ಮಾತ್ರ ನಡೆಯಬೇಕು.

ಪಾಠ ಹೇಳುತ್ತಿದ್ದ ಮೇಡಂ ಕೇಳಿ ತಲೆ ಹಿಡಿದುಕೊಂಡರು. “ಸಾವಿಗೆ ಈ ಖುಷಿಯ ಮೋಹನ ರಾಗವೇನೇ?”

“ಅಪ್ಪ ಅಳೋ ಮನುಷ್ಯ ಅಲ್ಲ ಮೇಡಂ.”

“ಸರಿ, ಆ ಖಾಲಿ ಜಾಗಕ್ಕಾದ್ರೂ ಏನಾದ್ರೂ ಸ್ವರ ಹಾಕು. ಇಲ್ಲದಿದ್ರೆ ಹುಡುಗಿ ಮರೆತು ನಿಂತಳು ಅಂತ ಫೇಲ್ ಮಾಡ್ತಾರೆ.”

ಹಾಕಲಿಲ್ಲ. ಅಪ್ಪನಿಗೆಂದು ಬಿಟ್ಟ ಜಾಗವದು.

ಪರೀಕ್ಷೆಗೆ ಮನೆಯವರೂ ಬಂದು ಕೇಳಬಹುದಿತ್ತು. ಅಮ್ಮ, ಪಕ್ಕದ ಮನೆಯ ಸುಶೀಲಕ್ಕ, ಲೈನಿನ ಇನ್ನೂ ಕೆಲವು ಹೆಂಗಸರು ಒಂದು ದಿನದ ಸಂಬಳ ಬಿಟ್ಟು ಬಸ್ಸು ಹತ್ತಿ ಬಂದು ಹಾಲಿನ ಕೊನೆಯ ಸಾಲಿನಲ್ಲಿ ಕೂತರು. ಎದುರಿಗೆ ಇಬ್ಬರು ಪರೀಕ್ಷಕರು. ಹಾಡಲು ಶುರು ಮಾಡಿದೆ. ಮೊದಲ ಕೂಗು ಬಂತು, ಹಾಡಿದೆ, ನಿಲ್ಲಿಸಿದೆ. ಮೃದಂಗ ನಿಂತಿತು.

“ಓ…!”

ಹಿಂದಿನ ಸಾಲು ಇಡೀ ಹಾಲು ನಡುಗುವಂತೆ ಓಗೊಟ್ಟಿತ್ತು!

ನನ್ನ ಮುಖ ಕಾದ ಬಾಣಲೆಯಾಯಿತು. ಪರೀಕ್ಷಕರೊಬ್ಬರು ಬೆಚ್ಚಿ ಹಿಂದೆ ತಿರುಗಿದರು. ಮೇಡಂ ಕಣ್ಣು ಮುಚ್ಚಿಕೊಂಡರು. ಮುಗಿಯಿತು, ಇಷ್ಟು ವರ್ಷದ ಓದು ಹೊಳೆ ಪಾಲಾಯಿತು ಎಂದುಕೊಂಡೆ. ತಾಳ ಮಾತ್ರ ಬಿಡಲಿಲ್ಲ. ಎರಡನೇ ಕೂಗಿಗೂ “ಓ…” ಬಂತು. ಕೊನೆಯ ಕೂಗಿಗೂ ಬಂತು. ಹೇಗೋ ಮುಗಿಸಿದೆ.

ಹಿರಿಯ ಪರೀಕ್ಷಕರು ಕೇಳಿದರು: “ಆ ಹೆಂಗಸರಿಗೆ ನೀವೇ ಹೇಳಿಕೊಟ್ಟಿದ್ರಾ?”

ಹೌದು ಎಂದಿದ್ದರೆ ನಡೆದುಹೋಗುತ್ತಿತ್ತೇನೋ. “ಇಲ್ಲ ಸಾರ್. ನಾನು ಅಲ್ಲಿ ಖಾಲಿ ಬಿಟ್ಟಿದ್ದೆ. ಆದ್ರೆ ಅವರಿಗೆ ಕೂಗು ಕೇಳಿ ಸುಮ್ಮನಿರೋಕೆ ಬರಲ್ಲ” ಎಂದು ತೋಟದ ಪದ್ಧತಿ, ಅಪ್ಪ, ಗುಡ್ಡ ಎಲ್ಲ ಹೇಳಿದೆ. ಅವರು ಎದುರಿನ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ಇನ್ನೊಂದು ಸಲ ಹಾಡಿ. ಅವರನ್ನ ಮುಂದೆ ಕೂರಿಸಿ. ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು, ನೀವೇ ತೀರ್ಮಾನ ಮಾಡಿ” ಎಂದರು.

ನಾನು ಹಿಂದಕ್ಕೆ ಓಡಿದೆ. “ಏನಮ್ಮಾ ನೀವು ಮಾಡಿದ್ದು!”

“ಕೂಗಿದವಳು ನೀನು. ಓಗೊಟ್ರೆ ನಮ್ಮದು ತಪ್ಪಾ?” ಅಮ್ಮ ನನಗೇ ತಿರುಗಿ ಕೇಳಿದಳು.

“ನಾನಂತೂ ಯಾರಿಗೇನಾಯ್ತೋ ಅಂತ ಚಪ್ಪಲಿ ಮೆಟ್ಟಿ ಎದ್ದೇಬಿಟ್ಟಿದ್ದೆ ಕಣೇ” ಎಂದಳು ಸುಶೀಲಕ್ಕ.

“ಈಗ ಎಲ್ಲದಕ್ಕೂ ಓಗೊಡಿ. ಕೊನೇದಕ್ಕೆ ಮಾತ್ರ ಬೇಡ. ಅದು ಅಪ್ಪಂದು.”

ಅಮ್ಮ ನನ್ನ ಮುಖವನ್ನೇ ನೋಡಿದಳು. “ಕಷ್ಟ ಆಗ್ತದೆ ಮಗಾ. ಆಯ್ತು, ನಡಿ.”

ಎರಡನೇ ಸಲ ಹಾಡಿದಾಗ ಭಯ ಇರಲಿಲ್ಲ. ನಾನು ಕೂಗಿದೆ, ಅವರು ಓಗೊಟ್ಟರು, ಮೃದಂಗದ ಹುಡುಗ ನಗುತ್ತಾ ಆ “ಓ”ಗೆ ಸರಿಯಾಗಿ ಪೆಟ್ಟು ಕೂಡಿಸಿದ. ಕೊನೆಯ ಕೂಗಿನ ನಂತರ ನನ್ನ ಕೈಯ ತಾಳ ಒಂದೇ ಕೇಳುತ್ತಿತ್ತು. ಸುಶೀಲಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಮ್ಮ ತುಟಿ ಬಿಗಿಹಿಡಿದು ಕೂತಿದ್ದಳು. ಆ ಒಂದು ಆವರ್ತದಷ್ಟು ಉದ್ದದ ಹೊತ್ತನ್ನು ನಾನು ಬದುಕಿನಲ್ಲಿ ಇನ್ನೊಮ್ಮೆ ಕಂಡಿಲ್ಲ. ಹಿರಿಯ ಪರೀಕ್ಷಕರೂ ತಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದುದನ್ನು ಕಂಡೆ.

ನಾನು ಪಾಸಾದೆ, ಒಳ್ಳೆಯ ದರ್ಜೆಯಲ್ಲೇ. ಆಮೇಲೆ ಎಷ್ಟೋ ಕಡೆ ಹಾಡಿದ್ದೇನೆ. ಆದರೆ ಆ ರಚನೆಯನ್ನು ನಾನೊಬ್ಬಳೇ ಮಾಡಿದೆ ಎಂದು ಎಲ್ಲಿಯೂ ಹೇಳಿಲ್ಲ. ನಮ್ಮ ಲೈನಿನವರೂ ಸೇರಿ ಮಾಡಿದ್ದು ಎನ್ನುತ್ತೇನೆ, ಎದೆಯುಬ್ಬಿಸಿಯೇ ಎನ್ನುತ್ತೇನೆ.

ಪದವಿ ಪತ್ರ ಕೊಡುವ ದಿನ ಅಮ್ಮನೊಬ್ಬಳೇ ಬಂದಿದ್ದಳು. ವೇದಿಕೆ ಇಳಿದು ನೇರ ಬಂದು ಅವಳ ಕೈಗೇ ಕೊಟ್ಟೆ. ಅವಳಿಗೆ ಓದಲು ಬಾರದು. ಸೆರಗಿಗೆ ಕೈ ಒರೆಸಿಕೊಂಡು, ಅಕ್ಷರಗಳನ್ನು ಬಿಟ್ಟು ಸೀಲನ್ನು ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು:

“ಸೀಲು ಹಾಕಿದ ಕಾಗದ ಅಂತ ನಮ್ಮ ಟ್ರಂಕಿನಲ್ಲಿರೋದು ನಿಮ್ಮಪ್ಪನ ಡೆತ್ ಸರ್ಟಿಫಿಕೇಟ್ ಒಂದೇ. ಇದನ್ನ ಅದರ ಮೇಲೆ ಇಡ್ತೀನಿ ಮಗಾ. ಇನ್ಮೇಲೆ ಟ್ರಂಕು ತೆಗೆದ್ರೆ ಮೊದಲು ಕಾಣೋದು ಇದೇ.”